ದಾವಣಗೆರೆ–ಹರಿಹರ ಸೀಮೆಯ ಪೂರ್ವಚರಿತ್ರೆಯೂ ಜನಾಭಿವೃದ್ಧಿಯೂ

ಒಂದು ಸೀಮೆಯ ಜನಸಂಖ್ಯೆಯು ಏರಿತೆಂದಾಗಲಿ ಇಳಿಯಿತೆಂದಾಗಲಿ ಹೇಳಿದ ಮಾತ್ರಕ್ಕೆ ಆ ಸೀಮೆಯ ಸ್ಥಿತಿಯು ತಿಳಿಯಲಾರದು. ಜನರು ಯಾವ ಕಾಲದಲ್ಲಿ, ಯಾವ ಕಾರಣದಿಂದ ಬಂದು ನೆಲಸಿದರು. ಅವರಿಗೆ ಅನ್ನವನ್ನೊದಗಿಸಿದ ಭೂಮಿ ಯಾವುದು. ಆ ಭೂಮಿಗೆ ನೀರು ಎಲ್ಲಿಂದ ಬಂದಿತು ಎಂಬ ವಿಷಯಗಳನ್ನು ವಿಚಾರಿಸಿದಾಗಲೇ ಅಂಕಿಗಳಿಗೆ ಅರ್ಥವುಂಟಾಗುವುದು. ಈ ದೃಷ್ಟಿಯಿಂದ, ಕನ್ನಡನಾಡಿನ ನಡುಭಾಗದಲ್ಲಿರುವ ದಾವಣಗೆರೆ–ಹರಿಹರ ಸೀಮೆಯ ಚರಿತ್ರೆಯು ರೈತರೆಲ್ಲರೂ ಲಕ್ಷ್ಯವಿಟ್ಟು ನೋಡತಕ್ಕುದಾಗಿದೆ. ಇಲ್ಲಿ ನೂರು ವರ್ಷಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ ಒಂದು ಪೇಟೆಯು ನಲವತ್ತು ಪಟ್ಟಿಗೂ ಮಿಗಿಲಾಗಿ ಬೆಳೆದಿರುವುದು. ಅದನ್ನು ಬೆಳೆಸಿದ ಹೊಲಗದ್ದೆಗಳಾದರೋ ಒಂದು ಗೇಣಿನಷ್ಟೂ ಬೆಳೆದಿಲ್ಲ.

ಸೀಮೆಯ ಸ್ವರೂಪ

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆಯೆನಿಸಿ, ಹೊನ್ನಾಳಿಯ ಮಾರ್ಗವಾಗಿ ಉತ್ತರಕ್ಕೆ ಹರಿದು ಹರಿಹರವನ್ನು ಮುಟ್ಟುವುವು. ಹರಿಹರಕ್ಕೆ ಪೂರ್ವದಲ್ಲಿ ಸುಮಾರು 9 ಮೈಲಿ ದೂರದಲ್ಲಿ ದಾವಣಗೆರೆಯಿದೆ. ನದಿಯ ಮಗ್ಗುಲಲ್ಲಿ ಹರಿಹರ ತಾಲ್ಲೂಕಿನ ಅನೇಕ ಹಳ್ಳಿಗಳಿವೆ. ಅವುಗಳಲ್ಲಿ ಸಾರಥಿಯೂ ಒಂದು. ಮಲೆನಾಡಿನಲ್ಲಿ ಮಳೆ ಬಲವಾಗಿ ಹೊಡೆದು ಹೊಳೆ ತುಂಬಿದ ವರ್ಷಗಳಲ್ಲಿ ಸಾರಥಿಗೂ ಚಿಕ್ಕಬಿದರಿಗೂ ನಡುವಣ ದಾರಿಯ ಮೇಲೆ ನೀರು ಏರಿ ಸಂಚಾರವು ನಿಂತುಹೋಗುವುದುಂಟು. ವಿಚಿತ್ರವೇನೆಂದರೆ, ಹೊಳೆಯಲ್ಲಿ ಹೀಗೆ ಪ್ರವಾಹ ಬರುವಾಗಲೂ ಈ ಸೀಮೆಯ ಮೇಲೆ ಬೀಳುವ ಮಳೆಯು ಸ್ವಲ್ಪವೇ; ವರ್ಷಕ್ಕೆ ಸರಾಸರಿ 25 ಅಂಗುಲಗಳ ಆಸುಪಾಸು. ನೀರು ಹುಟ್ಟುವುದು ಪಶ್ಚಿಮದ ಬೆಟ್ಟಗಳಲ್ಲಿ. ನೆಲವಿರುವುದು ಪೂರ್ವದ ಬಯಲಿನಲ್ಲಿ. ಇವೆರಡನ್ನೂ ಕೂಡಿಸಲು ಮನುಷ್ಯನು ಮಾಡಿದ ಪ್ರಯತ್ನಗಳೇ ಈ ಸೀಮೆಯ ಚರಿತ್ರೆಯ ಸಾರವೆಂದು ಹೇಳಬಹುದು.

ಅಂತಹ ಪ್ರಯತ್ನಗಳಲ್ಲಿ ಅತಿ ಪುರಾತನವಾದುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಎಂದರೆ ಶಾಂತಿಸಾಗರ. ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿಯನ್ನು ಹಾಕಿ ಕಟ್ಟಿದ ಈ ಕೆರೆಯ ನೀರು ಸುಮಾರು 6,500 ಎಕರೆಗಳಷ್ಟು ಹರವಿನಲ್ಲಿ ನಿಲ್ಲುತ್ತದೆ. ಶಾಂತವ್ವೆಯೆಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂದು ಜನರು ಹೇಳುವರು. ಈ ಕೆರೆಯಿಂದ ಹೊರಟ ಹರಿದ್ರಾ ಎಂಬ ಹಳ್ಳವು ಹರಿಹರದ ಬಳಿಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಸಂಗಮಸ್ಥಾನವಾದುದರಿಂದಲೇ ಹರಿಹರಕ್ಕೆ ಪೂರ್ವದಲ್ಲಿ ಕೂಡಲೂರು ಎಂಬ ಹೆಸರಿದ್ದಿತು.

ದೇವಸ್ಥಾನದ ಊರು, ವ್ಯಾಪಾರದ ಊರು

ಈ ಎರಡು ಊರುಗಳಲ್ಲಿ ಹರಿಹರವೇ ಹಿರಿದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು 1268ರಲ್ಲಿ ಅದಕ್ಕೆ ಮತ್ತೆ ಕಟ್ಟಡಗಳನ್ನು ಸೇರಿಸಿದನು. ಹರಿಯನ್ನೂ ಹರನನ್ನೂ ಒಂದೇ ಮೂರ್ತಿಯಲ್ಲಿ ಪೂಜಿಸುವ ಈ ಕ್ಷೇತ್ರದ ಸುತ್ತಲೂ ಅಗ್ರಹಾರಗಳೂ ಒಕ್ಕಲುಗಳೂ ಬೆಳೆದುವು. ಆದರೆ ಹೊಳೆಯ ದಡವು ರಾಜ್ಯಗಳ ಎಲ್ಲೆಯೂ ಆಗಿದ್ದುದರಿಂದ ಊರಿಗೆ ನೆಮ್ಮದಿಯು ಬಹುಕಾಲ ದೊರೆಯಲಿಲ್ಲ. ವಿಜಯನಗರದ ತರುವಾಯ ಅದು ಪಾಳೆಯಗಾರರ ಕೈಯಿಂದ ಕೈಗೆ ಹೋಗುತ್ತ, 1763ರಲ್ಲಿ ಹೈದರಾಲಿಯ ವಶವಾಯಿತು. ಅನಂತರವೂ ಮರಾಠರ ದಂಡು ಅದನ್ನು ಒಂದಕ್ಕಿಂತ ಹೆಚ್ಚು ಸಲ ಹಿಡಿದುಕೊಂಡಿತು.

ದಾವಣಗೆರೆಯ ಕಥೆಯು ಬೇರೆ ತೆರನಾದುದು. ಪೂರ್ವದಲ್ಲಿ ಸಮೀಪದ ಬೇತೂರೇ ಮುಖ್ಯವಾದ ಊರಾಗಿದ್ದು, ದಾವಣಗೆರೆಯು ಅದರ ಬಳಿಯ ಸಣ್ಣ ಹಳ್ಳಿಯಾಗಿದ್ದಿತು. ಕುದುರೆಗಳನ್ನು ಕಟ್ಟುವ ದಾವಣಿ ಹಗ್ಗದಿಂದಲೂ ಅವುಗಳಿಗೆ ನೀರು ಕುಡಿಸುತ್ತಿದ್ದ ಕೆರೆಯಿಂದಲೂ ಊರಿಗೆ ಹೆಸರು ಬಂದಿತೆಂದು ಪ್ರತೀತಿಯುಂಟು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಈ ಹಳ್ಳಿಯನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು, ಆಶ್ರಯವಿತ್ತು ನೆಲೆಗೊಳಿಸಿದನು. ಅವನು ಸಂತಾನವಿಲ್ಲದೆ ತೀರಿಕೊಂಡ ಬಳಿಕ ಟಿಪ್ಪು ಸುಲ್ತಾನನೂ ಆ ಉತ್ತೇಜನವನ್ನು ಮುಂದುವರಿಸಿದನು. ಮಲೆನಾಡಿನ ಅಡಿಕೆ, ಮೆಣಸುಗಳು ಈ ಪೇಟೆಯ ಮೂಲಕ ಆರ್ಕಾಟಿನ ಹತ್ತಿರದ ವಾಲಾಜಾಪೇಟೆಗೆ ಹೋಗುತ್ತಿದ್ದುವು. ಮರಳುವ ಎತ್ತುಗಳು ಮದ್ರಾಸಿನಿಂದ ಬಂದ ಸಾಮಾನುಗಳನ್ನು ಹೊತ್ತು ತರುತ್ತಿದ್ದುವು. ಸುತ್ತಣ ಕುರುಬರು ನೇಯ್ದ ಕಂಬಳಿಗಳಿಗೂ ಇದೇ ಪೇಟೆಯಾಗಿದ್ದಿತು. 1801ರಲ್ಲಿ ಈ ಮಾರ್ಗವಾಗಿ ಪ್ರಯಾಣಮಾಡಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿಯ ಕಂಬಳಿಯ ಕಸುಬನ್ನು ತನ್ನ ಗ್ರಂಥದಲ್ಲಿ ವರ್ಣಿಸಿರುವನು.

ಇದರಿಂದ ತಿಳಿಯುವುದೇನೆಂದರೆ, ದಾವಣಗೆರೆಯನ್ನು ಮೊದಲು ಬೆಳೆಸಿದುದು ಕೋಟೆಯೂ ಅಲ್ಲ, ಕ್ಷೇತ್ರವೂ ಅಲ್ಲ. ಕುರಿಯ ಉಣ್ಣೆ, ಅಡಿಕೆಯ ಗೋಣಿ ಮತ್ತು ಎತ್ತಿನ ಹೆಜ್ಜೆ. ಮಲೆನಾಡಿನ ಬೆಳೆಯೂ ಬಯಲುಸೀಮೆಯ ಬೆಳೆಯೂ ಕೂಡುವ ಸ್ಥಳದಲ್ಲಿ ಪೇಟೆಯು ಹುಟ್ಟಿತು.

ಸೇತುವೆ, ಕ್ಷಾಮ, ರೈಲು

ಹರಿಹರದ ಬಳಿಯಲ್ಲಿ 1865ರವರೆಗೂ ಒಂದು ದೇಶೀಯ ಪಟಾಲಮಿನ ದಂಡು ಬಿಡಾರ ಮಾಡಿಕೊಂಡಿದ್ದಿತು. ಅದು ಹೊರಟುಹೋದ ಕೆಲವೇ ವರ್ಷಗಳಲ್ಲಿ, ಎಂದರೆ 1868ರಲ್ಲಿ, ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ತುಂಗಭದ್ರೆಗೆ ಹದಿನಾಲ್ಕು ಕಮಾನುಗಳ ಸೇತುವೆಯು ಕಟ್ಟಿ ಮುಗಿಯಿತು. ಒಂದೊಂದು ಕಮಾನಿನ ಅಗಲವು 60 ಅಡಿ. ಅದುವರೆಗೆ ಮಳೆಗಾಲದಲ್ಲಿ ಹರಿಗೋಲನ್ನು ಕಾದು ನಿಲ್ಲುತ್ತಿದ್ದ ಗಾಡಿಗಳು ಎಲ್ಲ ಕಾಲದಲ್ಲಿಯೂ ಮೈಸೂರು ಸಂಸ್ಥಾನದಿಂದ ಮುಂಬಯಿ ಪ್ರಾಂತಕ್ಕೆ ದಾಟತೊಡಗಿದುವು.

ಸೇತುವೆಯಾದರೂ ಊರಿಗೆ ಸುಖಕಾಲವು ಕೂಡಲೇ ಬರಲಿಲ್ಲ. 1875ರಲ್ಲಿ ಮಳೆಯು ಕುಂದಿತು. 1876ರಲ್ಲಿ ಅದು ಮತ್ತಷ್ಟು ತಪ್ಪಿತು. 1877ರಲ್ಲಿ ಕ್ಷಾಮವು ತನ್ನ ತುತ್ತತುದಿಯನ್ನು ಮುಟ್ಟಿತು. ಹಿರಿಯರು ತಲೆಮಾರುಗಳವರೆಗೆ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಧಾತು–ಈಶ್ವರ ಸಂವತ್ಸರಗಳ ಬರವೆಂದರೆ ಇದೇ. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು 50,55,412 ಇದ್ದಿತು. ಹತ್ತು ವರ್ಷಗಳ ತರುವಾಯ, 1881ರಲ್ಲಿ, ಅದು 41,86,188ಕ್ಕೆ ಇಳಿದಿದ್ದಿತು. ಬೆಳೆಯಬೇಕಾಗಿದ್ದ ಜನವು ಬೆಳೆಯದೆ ಹೋದುದಲ್ಲದೆ, ಇದ್ದವರಲ್ಲಿಯೂ ಆರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಲೆಕ್ಕದಿಂದ ಅಳಿಸಿಹೋದರು. ದಾವಣಗೆರೆ–ಹರಿಹರಗಳು ಆಗ ಸೇರಿದ್ದ ಚಿತ್ರದುರ್ಗದ ಬಯಲುಸೀಮೆಯು ಮಳೆಯನ್ನೇ ನಂಬಿದ್ದುದರಿಂದ ಬಹಳ ಬಾಧೆಗೊಳಗಾದ ಭಾಗಗಳಲ್ಲಿ ಒಂದಾಯಿತು. ದನಕರುಗಳು ಸತ್ತುದರಿಂದ, ಮಳೆ ಬಂದ ಮೇಲೆಯೂ ನೇಗಿಲಿಗೆ ಎತ್ತುಗಳಿಲ್ಲದೆ ಹೊಲಗಳು ಬೀಳುಬಿದ್ದುವು. 1891ರ ಗಣತಿಯಲ್ಲಿಯೂ ಸಂಸ್ಥಾನದ ಜನಸಂಖ್ಯೆಯು 49,43,604 ಮಾತ್ರ. ಇಪ್ಪತ್ತು ವರ್ಷಗಳ ಹಿಂದಿನ ಮಟ್ಟವನ್ನು ಅದು ಇನ್ನೂ ಮುಟ್ಟಿರಲಿಲ್ಲ. ಎರಡು ವರ್ಷಗಳ ಮಳೆಯು ತಪ್ಪಿದುದರ ಗಾಯವು ಮಾಯಲು ಒಂದು ತಲೆಮಾರು ಬೇಕಾಯಿತೆಂಬುದನ್ನು ರೈತರು ಮರೆಯತಕ್ಕುದಲ್ಲ.

ಕ್ಷಾಮಕಾಲದಲ್ಲಿ ಧಾನ್ಯವು ಬಂದರುಗಳಿಗೆ ಬಂದಿದ್ದರೂ ಒಳನಾಡಿಗೆ ಸಾಗಿಸಲು ಸಾಕಷ್ಟು ಮಾರ್ಗಗಳಿರಲಿಲ್ಲ. ಈ ಅನುಭವವು ರೈಲುದಾರಿಗಳ ಕೆಲಸವನ್ನು ಚುರುಕುಗೊಳಿಸಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನವರೆಗೂ, 1889ರಲ್ಲಿ ದಾವಣಗೆರೆಯ ಮೇಲೆ ಹಾಯ್ದು ಹರಿಹರದವರೆಗೂ ರೈಲು ಬಂದಿತು. ಎತ್ತಿನ ಹೆಜ್ಜೆಯಲ್ಲಿ ಬೆಳೆದಿದ್ದ ಪೇಟೆಗೆ ಈಗ ಉಗಿಬಂಡಿಯ ವೇಗವು ಕೂಡಿತು. ಆದರೂ 1898ರಿಂದ ಸಂಸ್ಥಾನದಲ್ಲಿ ಪ್ಲೇಗೂ, 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವೂ ಹಾವಳಿ ಮಾಡಿದುದರಿಂದ ಜನಾಭಿವೃದ್ಧಿಯು ಮಂದವಾಗಿಯೇ ಇದ್ದಿತು. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ಸಂಸ್ಥಾನದ ಜನವು ನೂರಕ್ಕೆ ಮೂರರಷ್ಟು ಮಾತ್ರ ಹೆಚ್ಚಿತು.

ಹತ್ತಿಯೂ ಗಿರಣಿಯೂ

ಈ ಸೀಮೆಯ ಕಪ್ಪು ಭೂಮಿಯಲ್ಲಿ ಜೋಳದೊಡನೆ ಹತ್ತಿಯೂ ಬೆಳೆಯುತ್ತಿದ್ದಿತು. ರೈಲು ಬಂದ ಮೇಲೆ ಹತ್ತಿಯ ವ್ಯಾಪಾರವು ಹಬ್ಬಿ, ಬೀಜ ಬಿಡಿಸುವ ಮತ್ತು ಅಂಡಿಗೆ ಕಟ್ಟುವ ಕಾರ್ಖಾನೆಗಳು ಏರ್ಪಟ್ಟುವು. 1930ರ ದಶಕದಲ್ಲಿ ದಾವಣಗೆರೆಯ ವರ್ತಕರೇ ಬಂಡವಾಳ ಹೂಡಿ ನೂಲಿನ ಗಿರಣಿಯನ್ನು ಸ್ಥಾಪಿಸಿದರು. ಅದರ ಬೆನ್ನಿಗೆ ಇತರ ಗಿರಣಿಗಳೂ ಬಂದುವು. ಊರು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಹೊಳೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಕೃತಕ ನೂಲಿಗೆ ಬೇಕಾದ ವಸ್ತುಗಳನ್ನು ಮಾಡುವ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದುವು. 1951ರಲ್ಲಿ ಇಂಜಿನಿಯರಿಂಗ್ ಕಾಲೇಜೂ 1965ರಲ್ಲಿ ವೈದ್ಯಕೀಯ ಕಾಲೇಜೂ ದಾವಣಗೆರೆಯಲ್ಲಿ ತೆರೆದುವು.

ಹೀಗೆ ಹಳ್ಳಿಗಳ ಯುವಕರು ಹಗಲು–ರಾತ್ರಿ ಪಾಳಿಗಳ ಸಿಳ್ಳಿಗೆ ಹೊಂದಿಕೊಂಡು ಪಟ್ಟಣವಾಸಿಗಳಾದರು. ಈ ಸಿರಿಯಾದರೂ ಸ್ಥಿರವಾಗಿ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನೂಲಿನ ಗಿರಣಿಗಳು ಒಂದೊಂದಾಗಿ ನಿಂತುಹೋದುವು. ಹರಿಹರದ ಲೇತ್ ಕಾರ್ಖಾನೆಯೂ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಕೆಲಸ ಹೋದವರಲ್ಲಿ ಹಳ್ಳಿಯಲ್ಲಿ ಜಮೀನನ್ನು ಉಳಿಸಿಕೊಂಡವನಿಗೆ ಹಿಂದಿರುಗಲು ಒಂದು ಮನೆಯಿದ್ದಿತು; ಮಾರಿಕೊಂಡವನಿಗೆ ಅದೂ ಇರಲಿಲ್ಲ. ಗಿರಣಿಯು ಒಂದು ತಲೆಮಾರಿಗೆ ಕೂಲಿಯನ್ನು ಕೊಟ್ಟೀತು. ಭೂಮಿಯು ತಲೆತಲಾಂತರಕ್ಕೂ ಅನ್ನವನ್ನು ಕೊಡುವುದು.

ಭದ್ರೆಯ ನಾಲೆ

ಬೇಸಾಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಭದ್ರಾ ಯೋಜನೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟುವ ಕೆಲಸವು 1947ರಲ್ಲಿ ಮೊದಲಾಗಿ 1960ರ ದಶಕದಲ್ಲಿ ಪೂರೈಸಿತು. ಜಲಾಶಯದ ಪೂರ್ಣಮಟ್ಟ 186 ಅಡಿ. ಅದರಲ್ಲಿ ಸುಮಾರು 71 ಶತಕೋಟಿ ಘನ ಅಡಿ ನೀರು ಹಿಡಿಯುವುದು. ಬಲದಂಡೆಯ ನಾಲೆಯು ಮುಂದೆ ದಾವಣಗೆರೆ ಮತ್ತು ಮಲೇಬೆನ್ನೂರು ಶಾಖೆಗಳಾಗಿ ಒಡೆದು ಈ ಸೀಮೆಯ ಹೊಲಗಳಿಗೆ ಹರಿಯಿತು. ದೇವರಬೆಳಕೆರೆಯಲ್ಲಿ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆ ಕಟ್ಟಿ, ಹರಿದುಹೋಗುವ ನೀರನ್ನು ಮತ್ತೆ ಬಳಸುವ ಏರ್ಪಾಟೂ ಆಯಿತು.

ಜೋಳ, ನವಣೆ, ಹತ್ತಿಗಳನ್ನು ಬೆಳೆದು ಮುಗಿಲನ್ನೇ ನೋಡುತ್ತ ಕುಳಿತಿದ್ದ ಒಕ್ಕಲಿಗನು ವರ್ಷಕ್ಕೆರಡು ಬೆಳೆ ಭತ್ತವನ್ನು ಕಂಡನು. ಭತ್ತದ ಬೇಸಾಯದಲ್ಲಿ ನುರಿತ ಆಂಧ್ರದ ರೈತರು ಬಂದು ಭೂಮಿಯನ್ನು ಕೊಂಡು, ಕ್ಯಾಂಪುಗಳೆಂಬ ಹೊಸ ಹಳ್ಳಿಗಳನ್ನು ಕಟ್ಟಿಕೊಂಡರು. ನಾಟಿಗೂ ಕೊಯ್ಲಿಗೂ ಮಳೆಯಾಶ್ರಿತ ತಾಲ್ಲೂಕುಗಳಿಂದ ಕೂಲಿಯವರು ಗುಂಪುಗುಂಪಾಗಿ ಬರತೊಡಗಿದರು. ಅಕ್ಕಿಯ ಗಿರಣಿಗಳೂ ಮಂಡಕ್ಕಿಯ ಭಟ್ಟಿಗಳೂ ಹೆಚ್ಚಿದುವು. ನಾಲೆಯಿಲ್ಲದ ಹೊಲಗಳಲ್ಲಿ ಮುಂದೆ ಮೆಕ್ಕೆಜೋಳವು ಹಬ್ಬಿ, ಹಳೆಯ ಹತ್ತಿಪೇಟೆಯು ಮೆಕ್ಕೆಜೋಳದ ಪೇಟೆಯಾಯಿತು.

ಅಂಕಿಗಳು ಹೇಳುವುದೇನು?

ದಾವಣಗೆರೆ ಪಟ್ಟಣದ ಜನಸಂಖ್ಯೆಯು ಬೆಳೆದ ಕ್ರಮವು ಹೀಗಿದೆ (ಅಂಕಿಗಳು ಸುಮಾರಾದುವು):—

1901 — 10,400
1951 — 56,000
1961 — 78,000
1971 — 1,21,000
1981 — 1,97,000
2001 — 3,64,500
2011 — 4,35,000

ಹರಿಹರ ಪಟ್ಟಣವು 1901ರಲ್ಲಿ ಆರು ಸಾವಿರಕ್ಕೂ ಕಡಮೆ ಜನರಿಂದ ಕೂಡಿದ್ದು, 2011ರ ವೇಳೆಗೆ 83,000ದಷ್ಟಾಗಿದ್ದಿತು. ಇದೇ 110 ವರ್ಷಗಳಲ್ಲಿ ಈಗಿನ ಕರ್ನಾಟಕದ ಎಲ್ಲೆಗಳೊಳಗಿನ ಜನವು 1 ಕೋಟಿ 30 ಲಕ್ಷದಿಂದ 6 ಕೋಟಿ 11 ಲಕ್ಷಕ್ಕೆ, ಎಂದರೆ ಸುಮಾರು ನಾಲ್ಕೂಮುಕ್ಕಾಲು ಪಟ್ಟು ಏರಿತು. ನಾಡು ನಾಲ್ಕೈದು ಪಟ್ಟು ಬೆಳೆದಾಗ ಈ ಪಟ್ಟಣವು ನಲವತ್ತು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. ಆದುದರಿಂದ ಇದು ಹುಟ್ಟಿದವರಿಂದಾದ ಬೆಳವಣಿಗೆ ಮಾತ್ರವಲ್ಲ, ಬಂದವರಿಂದಾದ ಬೆಳವಣಿಗೆಯೆಂಬುದು ಸ್ಪಷ್ಟ. ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. 1961ರಿಂದ 1981ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಪಟ್ಟಣದ ಜನವು ಎರಡೂವರೆ ಪಟ್ಟಾಯಿತು. ಗಿರಣಿಗಳು ಓಡುತ್ತ, ಕಾಲೇಜುಗಳು ತೆರೆಯುತ್ತ ಇದ್ದ ಆ ಕಾಲದಲ್ಲಿಯೇ ಭದ್ರೆಯ ನೀರೂ ಹೊಲಗಳನ್ನು ಮುಟ್ಟಿದ್ದಿತು. ಪಟ್ಟಣದ ಓಟಕ್ಕೆ ಹಳ್ಳಿಯ ನೀರೂ ಬಲವಾಯಿತು.

1997ರ ಆಗಸ್ಟ್ 15ರಂದು ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಯಿತು. ಆಗ ಅದಕ್ಕೆ ಸೇರಿದ್ದ ಹರಪನಹಳ್ಳಿಯು ಮುಂದೆ ಬೇರೆಯಾಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯೂ ಕೂಡಿದ್ದ ಜಿಲ್ಲೆಯ ಜನವು 2001ರಲ್ಲಿ 17,90,952, 2011ರಲ್ಲಿ 19,45,497. ಹತ್ತು ವರ್ಷಗಳಲ್ಲಿ ನೂರಕ್ಕೆ ಒಂಬತ್ತರಷ್ಟೂ ಏರಲಿಲ್ಲ. ನಾಡಿನ ಏರಿಕೆಯಾದರೋ ನೂರಕ್ಕೆ ಹದಿನೈದನ್ನು ಮೀರಿತ್ತು. ಜಿಲ್ಲೆಯಲ್ಲಿ ಹೆಚ್ಚಿದ ಸುಮಾರು ಒಂದೂವರೆ ಲಕ್ಷ ಮಂದಿಯಲ್ಲಿ ಎಪ್ಪತ್ತು ಸಾವಿರವು ದಾವಣಗೆರೆ ನಗರವೊಂದರ ಪಾಲಿಗೇ ಬಂದಿತು. ಎಂದರೆ ಹಳ್ಳಿಗಳು ಬೆಳೆಯುವುದನ್ನು ನಿಲ್ಲಿಸುತ್ತಲಿವೆ.

ಇಂತಹ ಸ್ಥಿತಿಯು ಇಲ್ಲಿಗೆ ಮಾತ್ರ ಸೇರಿದುದಲ್ಲ. ಅಮೆರಿಕ ದೇಶದ ಕಾನ್ಸಾಸ್, ನೆಬ್ರಾಸ್ಕ ಮೊದಲಾದ ಬಯಲುಪ್ರದೇಶಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದೊಡನೆ ಒಕ್ಕಲುಗಳು ತುಂಬಿದುವು. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಹೆಚ್ಚಿ, ಹೊಲಗಳು ಒಂದಕ್ಕೊಂದು ಸೇರಿ ದೊಡ್ಡವಾದಂತೆ, ಅಲ್ಲಿಯ ಅನೇಕ ಜಿಲ್ಲೆಗಳು ದಶಕದಿಂದ ದಶಕಕ್ಕೆ ಜನವನ್ನು ಕಳೆದುಕೊಂಡುವು. ಇಲ್ಲಿ ಹೊಲವು ದೊಡ್ಡದಾಗುವ ಬದಲು ಅಣ್ಣತಮ್ಮಂದಿರ ಪಾಲಿನಲ್ಲಿ ಸಣ್ಣದಾಗುತ್ತಲಿದೆ. ರೋಗವು ಬೇರೆಯಾದರೂ ಲಕ್ಷಣವು ಒಂದೇ: ಮಗನು ಪಟ್ಟಣದ ದಾರಿ ಹಿಡಿಯುತ್ತಾನೆ.

ಮುಂದಣ ದಾರಿ

ಈಗ ಸೀಮೆಯ ಮುಂದೆ ಮೂರು ಪ್ರಶ್ನೆಗಳಿವೆ. ಮೊದಲನೆಯದು ನೀರು. ಜಲಾಶಯವು ಬೆಳೆದಿಲ್ಲ, ಅದನ್ನು ಬೇಡುವವರು ಬೆಳೆದಿರುವರು. ನಾಲೆಯ ಮೊದಲ ಭಾಗದಲ್ಲಿ ಭತ್ತದೊಡನೆ ಅಡಿಕೆಯ ತೋಟಗಳೂ ಹಬ್ಬಿರುವುದರಿಂದ, ಕೊನೆಯ ಭಾಗದ ರೈತನು ನೀರಿಗಾಗಿ ತೂಬಿನ ಬಳಿಯಲ್ಲಿ ರಾತ್ರಿಗಳನ್ನು ಕಳೆಯಬೇಕಾಗುವುದು. 2023ರಲ್ಲಿ ಮಳೆಯು ಕುಂದಿ ಭದ್ರಾ ಜಲಾಶಯವು ತುಂಬದೆ ಹೋದಾಗ ದಾವಣಗೆರೆಯ ರೈತರು ನಾಲೆಯ ನೀರಿಗಾಗಿ ಚಳವಳಿಯನ್ನೇ ಹೂಡಿದರು. ಎರಡನೆಯದು ಭೂಮಿ. ಪಟ್ಟಣದ ಅಂಚಿನಲ್ಲಿ, ನಾಲೆಯ ನೀರುಂಡ ಗದ್ದೆಗಳೇ ಮನೆಯ ನಿವೇಶನಗಳಾಗುತ್ತಲಿವೆ. ಒಮ್ಮೆ ಕಲ್ಲುಮಣ್ಣು ತುಂಬಿದ ಗದ್ದೆಯು ಮತ್ತೆ ಗದ್ದೆಯಾಗುವುದು ಬಹು ಕಷ್ಟ. ಮೂರನೆಯದು ಮಣ್ಣಿನ ಸತ್ತ್ವ. ವರ್ಷವಿಡೀ ನೀರು ನಿಲ್ಲಿಸಿ ಭತ್ತದ ಮೇಲೆ ಭತ್ತವನ್ನೇ ಬೆಳೆದ ತಗ್ಗಿನ ಜಮೀನುಗಳಲ್ಲಿ ಜವುಳು ಮತ್ತು ಚೌಳು ತಲೆದೋರುವ ಭಯವುಂಟು.

ಇವಕ್ಕೆ ಪರಿಹಾರವು ಕೆಲಮಟ್ಟಿಗೆ ರೈತನ ಕೈಯಲ್ಲಿಯೇ ಇದೆ. ಗದ್ದೆಯಲ್ಲಿ ಸದಾಕಾಲವೂ ನೀರು ನಿಲ್ಲಿಸದೆ, ನಿಂತ ನೀರು ಇಂಗಿದ ತರುವಾಯ ಮರಳಿ ಹಾಯಿಸುವ ಕ್ರಮದಿಂದ ಇಳುವರಿಯನ್ನು ಕುಂದಿಸದೆ ನೀರನ್ನು ಉಳಿಸಬಹುದು. ಹೂ ಬಿಡುವ ಕಾಲದಲ್ಲಿ ಮಾತ್ರ ಪೈರಿಗೆ ನೀರಿನ ಕೊರತೆಯಾಗದಂತೆ ನೋಡಿಕೊಳ್ಳಬೇಕು. ಮಳೆಗಾಲದ ಭತ್ತವಾದ ಮೇಲೆ ಬೇಸಿಗೆಯಲ್ಲಿ ಮತ್ತೆ ಭತ್ತವನ್ನೇ ಹಚ್ಚದೆ ಹೆಸರು, ಉದ್ದು, ಅಲಸಂದೆಗಳನ್ನು ಬಿತ್ತಿದರೆ ಸ್ವಲ್ಪ ನೀರಿನಲ್ಲಿಯೇ ಬೆಳೆ ಬರುವುದಲ್ಲದೆ ಮಣ್ಣಿಗೂ ಸಾರಜನಕವು ದೊರೆಯುವುದು. ನಾಟಿಗೆ ಮುಂಚೆ ಸೆಣಬು ಅಥವಾ ಡಯಾಂಚವನ್ನು ಬೆಳೆದು ಹಸುರುಗೊಬ್ಬರವಾಗಿ ಉಳುವುದು ಒಳ್ಳೆಯದು. ಬಸಿಗಾಲುವೆಗಳನ್ನು ಹೂಳು ತೆಗೆದು ಇಟ್ಟುಕೊಂಡಲ್ಲಿ ಜವುಳಿನ ಬಾಧೆಯು ತಗ್ಗುವುದು. ಮೇಲುಗದ್ದೆಯವರೂ ಕೆಳಗದ್ದೆಯವರೂ ನೀರು ಬಳಕೆದಾರರ ಸಂಘದಲ್ಲಿ ಒಟ್ಟಾಗಿ ಕುಳಿತು ಸರದಿಯನ್ನು ಗೊತ್ತುಮಾಡಿಕೊಂಡರೆ ತೂಬಿನ ಬಳಿಯ ಜಗಳಗಳು ಎಷ್ಟೋ ನಿಲ್ಲುವುವು. ಇದ್ದ ಜಮೀನನ್ನು ಮಾರುವ ಮುನ್ನ, ಗಿರಣಿಗಳು ಮುಚ್ಚಿದ ದಿನಗಳನ್ನು ಪ್ರತಿಯೊಂದು ಕುಟುಂಬವೂ ನೆನೆದುಕೊಳ್ಳುವುದು ಮೇಲು.

ಅಪ್ಪೋಜಿರಾಮನ ಕಾಲದ ಎತ್ತಿನ ಹೇರುಗಳು ನಿಂತುಹೋದುವು; ಕಂಬಳಿಯ ವ್ಯಾಪಾರವು ಕುಗ್ಗಿತು; ಹತ್ತಿಯ ಗಿರಣಿಗಳ ಸಿಳ್ಳು ಅಡಗಿತು. ಎಂಟುನೂರು ವರ್ಷಗಳ ಹಿಂದೆ ಹರಿಹರದ ಗುಡಿಯನ್ನು ಕಟ್ಟಿದವರು ಕಂಡ ತುಂಗಭದ್ರೆಯು ಮಾತ್ರ ಇಂದಿಗೂ ಮಳೆಗಾಲದಲ್ಲಿ ಸಾರಥಿಯ ದಾರಿಯನ್ನು ಮುಚ್ಚುವಷ್ಟು ತುಂಬಿ, ಬೇಸಿಗೆಯಲ್ಲಿ ಮರಳು ಕಾಣುವಷ್ಟು ಇಳಿಯುತ್ತಲಿದೆ. ಈ ಸೀಮೆಯ ಜನವು ಎಂದಿಗೂ ನೀರನ್ನೂ ದಾರಿಯನ್ನೂ ಹಿಂಬಾಲಿಸಿಯೇ ಬೆಳೆದಿದೆ. ದಾರಿಗಳನ್ನು ಬೇಕಾದಷ್ಟು ಹೊಸದಾಗಿ ಮಾಡಿಕೊಳ್ಳಬಹುದು. ನೀರನ್ನಾದರೋ ಇದ್ದುದರಲ್ಲಿಯೇ ಹಂಚಿಕೊಳ್ಳಬೇಕು. ಈ ಭೇದವನ್ನರಿತು ನಡೆದರೆ, ಮುಂದಿನ ಖಾನೇಷುಮಾರಿಯಲ್ಲಿ ಜನಸಂಖ್ಯೆಯು ಎಷ್ಟೇ ಬರಲಿ, ಅವರೆಲ್ಲರ ಎಲೆಗೂ ಅನ್ನವು ಬೀಳುವುದು.